ಪಟ್ಟಾಭಿಷೇಕವಾದ ಮೇಲೆ

(ಮುಂಬಯಿಯ ಕನ್ನಡ ಸಭೆಯೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುಪಾಠ)



ದತ್ತಿ ಉಪನ್ಯಾಸ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬ ಕವಿ, ಒಂದು ಕೃತಿ, ಒಂದು ಗಂಟೆ. ಈ ಸಲ ಟೀವಿ ಧಾರಾವಾಹಿಯ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಾಮಾಯಣದ್ದು" ಅಂದ ಮೇಲೆ "ಹಾಗಾದರೆ ಅಡ್ಡಿಯಿಲ್ಲ" ಅಂದರು. ಅವರ ಸಮಾಧಾನ ಎಷ್ಟು ಹೊತ್ತು ಉಳಿಯುತ್ತದೋ ನೋಡೋಣ.

ನನ್ನ ಪ್ರಶ್ನೆ ಸಣ್ಣದು. ಒಂದು ಕತೆ ಎಷ್ಟು ಉದ್ದ ಇರಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವವರು ಯಾರು? ಬರೆಯುವವನೋ, ದುಡ್ಡು ಹಾಕುವವನೋ, ಹೊತ್ತು ಗೊತ್ತುಮಾಡುವವನೋ, ಕೂತು ಕೇಳುವವನೋ? ನಿಂತ ಕತೆಯನ್ನು ಹಟ ಹಿಡಿದು ಮುಂದುವರಿಸಿದಾಗ, ಆ ಮುಂದಿನ ಭಾಗ ಹಟ ಹಿಡಿದವರ ಮಾತು ಕೇಳುತ್ತದೆಯೆ? ಇದಕ್ಕೆ ನಮ್ಮ ಊರಿನಲ್ಲೇ, ನಮ್ಮ ಕಣ್ಣೆದುರೇ ನಡೆದ ದೊಡ್ಡ ಉದಾಹರಣೆ ರಮಾನಂದ ಸಾಗರರ 'ರಾಮಾಯಣ' ಮತ್ತು ಅದರ ಬೆನ್ನಿಗೆ ಬಂದ 'ಉತ್ತರ ರಾಮಾಯಣ'. ಎರಡನೆಯದನ್ನು 'ಲವ ಕುಶ' ಎಂದೂ ಕರೆಯುತ್ತಾರೆ.

ಮೊದಲು ಲೆಕ್ಕ. 'ರಾಮಾಯಣ' ದೂರದರ್ಶನದಲ್ಲಿ ಶುರುವಾದದ್ದು 1987ರ ಜನವರಿ 25ರ ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ. ಮುಗಿದದ್ದು 1988ರ ಜುಲೈ 31ರ ಭಾನುವಾರ. ಯೋಜನೆ ಇದ್ದದ್ದು 52 ಕಂತುಗಳಿಗೆ. ನೋಡುವವರ ಒತ್ತಾಯಕ್ಕೆ ಹಿಗ್ಗಿ ಅದು 78 ಕಂತುಗಳಿಗೆ ನಿಂತಿತು. 52 ಎಂದರೆ ನಾಲ್ಕು ಹದಿಮೂರು, 78 ಎಂದರೆ ಆರು ಹದಿಮೂರು. ಕಾಕತಾಳೀಯ ಅಲ್ಲ. ವರ್ಷಕ್ಕೆ ವಾರ 52, ಮೂರು ತಿಂಗಳಿಗೆ 13. ಪ್ರಾಯೋಜಿತ ಧಾರಾವಾಹಿಗಳಿಗೆ ದೂರದರ್ಶನ ಈ ಹದಿಮೂರರ ಮಗ್ಗಿಯಲ್ಲೇ ಮಂಜೂರಾತಿ ಕೊಡುತ್ತಿತ್ತು. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಕೂಡ 39 ಕಂತು, ಮೂರು ಹದಿಮೂರು. ಶಂಕರ್ ನಾಗ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಕವಿತಾ ಲಂಕೇಶ್ ಅದಕ್ಕೆ 15 ಕಂತು ಸೇರಿಸಿದಾಗ ಮಗ್ಗಿ ತಪ್ಪಿತು. ಅಷ್ಟರಲ್ಲಿ ಕಾಲವೂ ಬದಲಾಗಿತ್ತು.

ವಾಲ್ಮೀಕಿಗೆ ಇಪ್ಪತ್ನಾಲ್ಕು ಸಾವಿರ ಶ್ಲೋಕದ ಲೆಕ್ಕ, ಸಾಗರರಿಗೆ ಹದಿಮೂರು ವಾರದ ಲೆಕ್ಕ.

ಈ ಹದಿಮೂರರ ಆಳ್ವಿಕೆ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ನಿಮ್ಮ ಮೊಮ್ಮಕ್ಕಳು ಬಾಗಿಲು ಹಾಕಿಕೊಂಡು ನೋಡುವ ಜಪಾನಿನ ಅನಿಮೆಗಳದ್ದೂ ಇದೇ ಅಳತೆ. ಹದಿಮೂರು ವಾರದ ಒಂದು ತುಂಡನ್ನು ಅವರು 'ಕೂರ್' ಎನ್ನುತ್ತಾರೆ. 1974ರಲ್ಲಿ ಬಂದ 'ಯಮಾಟೊ' ಎಂಬ ಅಂತರಿಕ್ಷ ಯುದ್ಧನೌಕೆಯ ಕತೆಗೆ ಅದೇ ಹೊತ್ತಿನಲ್ಲಿ ಇನ್ನೊಂದು ವಾಹಿನಿಯಲ್ಲಿ ಬರುತ್ತಿದ್ದ 'ಹೈಡಿ' ಎಂಬ ಗುಡ್ಡಗಾಡಿನ ಹುಡುಗಿಯ ಕತೆ ಎದುರಾಯಿತು. ನೋಡುವವರು ಹುಡುಗಿಯ ಕಡೆ ಹೋದರು, ಯುದ್ಧನೌಕೆಯ ಕತೆಯನ್ನು ಕತ್ತರಿಸಿ 26 ಕಂತಿಗೆ ಮುಗಿಸಿದರು. 1979ರ 'ಗುಂಡಮ್' ಧಾರಾವಾಹಿಗೆ 52 ಕಂತು ಗೊತ್ತಾಗಿತ್ತು. ಪ್ರಾಯೋಜಕರು ಆಟಿಕೆ ಮಾರುವವರು. ಆಟಿಕೆ ಬಿಕರಿಯಾಗದೆ ಹೋದದ್ದರಿಂದ 43ಕ್ಕೆ ತೆರೆ ಎಳೆದರು. ಆಮೇಲೆ ಮರುಪ್ರಸಾರದಲ್ಲಿ ಜನ ಮುಗಿಬಿದ್ದರು, ಅದನ್ನೇ ಹೊಲಿದು ಸಿನಿಮಾ ಮಾಡಿದರು, 1985ರಲ್ಲಿ 'ಝೀಟಾ ಗುಂಡಮ್' ಎಂಬ ಮುಂದಿನ ಭಾಗ 50 ಕಂತಿನಲ್ಲಿ ಬಂತು. ಅಲ್ಲಿ ಕತೆಯನ್ನು ಮೊಟಕು ಮಾಡಿದ್ದು ಅಂಗಡಿ, ಮತ್ತೆ ಬದುಕಿಸಿದ್ದೂ ಅಂಗಡಿಯೇ. ಗುಂಡಮ್ ಬೊಂಬೆಗಳ ವ್ಯಾಪಾರ ಈಗಲೂ ನಡೆದಿದೆ.

ನಮ್ಮ ಮುಂಬಯಿಗೂ ಒಂದು ಅನಿಮೆ ಬಂದಿತ್ತು, ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. 'ಕ್ಯೋಜಿನ್ ನೋ ಹೋಶಿ' ಅಂತ ಜಪಾನಿನಲ್ಲಿ 1968ರಿಂದ 1971ರವರೆಗೆ 182 ಕಂತು ಓಡಿದ ಬೇಸ್‌ಬಾಲ್ ಕತೆ. ಹದಿನಾಲ್ಕು ಹದಿಮೂರು, ಮಗ್ಗಿ ಗೊತ್ತಿರುವವರು ಗುಣಿಸಿ ನೋಡಿ. ಬಡ ಹುಡುಗನೊಬ್ಬನನ್ನು ಅವನ ಅಪ್ಪ ಕಟುವಾಗಿ ಪಳಗಿಸಿ ದೊಡ್ಡ ಆಟಗಾರನನ್ನಾಗಿ ಮಾಡುವ ಕತೆ ಅದು. ಅದನ್ನೇ ಮುಂಬಯಿಗೆ ತಂದು, ಬೇಸ್‌ಬಾಲನ್ನು ಕ್ರಿಕೆಟ್ ಮಾಡಿ, ಕೊಳೆಗೇರಿಯ ಹುಡುಗ ಸೂರಜ್‌ನನ್ನು ನಾಯಕನನ್ನಾಗಿಸಿ 2012ರ ಡಿಸೆಂಬರಿನಿಂದ ಕಲರ್ಸ್ ವಾಹಿನಿಯಲ್ಲಿ ತೋರಿಸಿದರು. 'ಸೂರಜ್: ದಿ ರೈಸಿಂಗ್ ಸ್ಟಾರ್'. ಇಲ್ಲಿ 182 ಕಂತು 26 ಆಯಿತು. ಮೂಲದಲ್ಲಿ ಹುಡುಗನ ಮೈಗೆ ಬಿಗಿಯಾದ ಸ್ಪ್ರಿಂಗುಗಳ ಕವಚ ತೊಡಿಸಿ ತೋಳು ಗಟ್ಟಿಮಾಡುತ್ತಾರೆ. ಇಲ್ಲಿ ಅದು ಮಕ್ಕಳ ಮೇಲಿನ ಹಿಂಸೆಯಂತೆ ಕಾಣುತ್ತದೆಂದು ಸ್ಪ್ರಿಂಗ್ ತೆಗೆದು ಸೈಕಲ್ ಟ್ಯೂಬು ಕಟ್ಟಿದರು. ಕತೆಯ ಉದ್ದ ಬದಲಾದಾಗ ಕತೆಯ ಒಳಗೂ ಏನೋ ಒಂದು ಬದಲಾಗಿಯೇ ತೀರುತ್ತದೆ. ಸೈಕಲ್ ಟ್ಯೂಬು ಅದರ ಗುರುತು.

ಈಗ ಸಾಗರರ ಬಳಿಗೆ ಬರೋಣ.

ಲಾಹೋರಿನ ಹತ್ತಿರ 1917ರಲ್ಲಿ ಹುಟ್ಟಿ, ದೇಶ ಒಡೆದ ಮೇಲೆ ಮುಂಬಯಿಗೆ ಬಂದು, ರಾಜ್ ಕಪೂರರ 'ಬರ್ಸಾತ್'ಗೆ (1949) ಕತೆ ಬರೆದು, ಮುಂದೆ ತಮ್ಮದೇ ಸಂಸ್ಥೆ ಕಟ್ಟಿ ಹಿಂದಿ ಸಿನಿಮಾದಲ್ಲಿ ಹೆಸರು ಮಾಡಿದವರು ಅವರು. 1985ರಲ್ಲಿ 'ವಿಕ್ರಮ್ ಔರ್ ಬೇತಾಲ್' ಮಾಡಿದರು. ಅದರಲ್ಲಿ ವಿಕ್ರಮನಾಗಿದ್ದ ಅರುಣ್ ಗೋವಿಲ್ ರಾಮನಾದರು, ಅಲ್ಲೇ ಇದ್ದ ದೀಪಿಕಾ ಚಿಖಲಿಯಾ ಸೀತೆಯಾದರು. ಆಗಿನ ವಾರ್ತಾ ಮತ್ತು ಪ್ರಸಾರ ಕಾರ್ಯದರ್ಶಿ ಎಸ್. ಎಸ್. ಗಿಲ್ ಇಂಥ ಧಾರಾವಾಹಿಯ ಪರವಾಗಿ ನಿಂತರು. ಚಿತ್ರೀಕರಣ ಮಾತ್ರ ಮುಂಬಯಿಯಲ್ಲಿ ಆಗಲಿಲ್ಲ. ಪಶ್ಚಿಮ ರೈಲ್ವೆಯಲ್ಲಿ ಸೂರತ್ ಕಡೆ ಹೋಗುತ್ತ ಗುಜರಾತಿನ ಗಡಿ ದಾಟಿದ ಕೂಡಲೆ ಸಿಗುವ ಉಂಬರ್‌ಗಾಂವ್‌ನ ವೃಂದಾವನ ಸ್ಟುಡಿಯೋದಲ್ಲಿ ಅಯೋಧ್ಯೆಯೂ ಲಂಕೆಯೂ ಎದ್ದವು. ಮುಂಬಯಿಯ ನಟರು, ಗುಜರಾತಿ ರಂಗಭೂಮಿಯಿಂದ ಬಂದ ಅರವಿಂದ ತ್ರಿವೇದಿಯಂಥವರು, ಅಲ್ಲೇ ತಂಗಿ ಕೆಲಸ ಮಾಡಿದರು. ಒಂದು ಕಂತಿಗೆ ಸುಮಾರು 9 ಲಕ್ಷ ರೂಪಾಯಿ ಖರ್ಚು, ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ.

52ನ್ನು 78 ಮಾಡುವುದೆಂದರೆ ಕೆಲಸದ ಮಟ್ಟಿಗೆ ಏನು? ಹೊಸ ಕತೆ ಸೇರಿಸುವುದಲ್ಲ, ಇರುವ ಕತೆಯನ್ನು ಜಗ್ಗುವುದು. ಸಾಗರರಿಗೆ ಅದು ಕರಗತವಾಗಿತ್ತು. ದಶರಥ ಒಂದು ಮಾತು ಹೇಳುತ್ತಾನೆ. ಕ್ಯಾಮೆರಾ ಕೌಸಲ್ಯೆಯ ಮುಖಕ್ಕೆ ಹೋಗುತ್ತದೆ, ಸುಮಿತ್ರೆಯ ಮುಖಕ್ಕೆ ಹೋಗುತ್ತದೆ, ಲಕ್ಷ್ಮಣ, ಸುಮಂತ್ರ, ವಸಿಷ್ಠ, ಬಾಗಿಲ ಬಳಿಯ ದಾಸಿ, ಒಬ್ಬೊಬ್ಬರ ಮುಖದ ಮೇಲೂ ನಿಂತು ನಿಂತು ಮುಂದೆ ಸಾಗುತ್ತದೆ. ನಡುವೆ ರವೀಂದ್ರ ಜೈನರ ಹಾಡು. ಯುದ್ಧದ ಭಾಗಕ್ಕೆ ಬಂದರೆ ಒಂದು ಬಾಣ ಈ ಕಡೆಯಿಂದ, ಒಂದು ಬಾಣ ಆ ಕಡೆಯಿಂದ ಹೊರಟು ಆಕಾಶದ ನಡುವೆ ಮುಖಾಮುಖಿಯಾಗುವಷ್ಟರಲ್ಲಿ ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕುತ್ತಿತ್ತು. ಇಂದ್ರಜಿತು ಸಾಯಲು ವಾರಗಟ್ಟಲೆ ತೆಗೆದುಕೊಂಡ. ಇಂಗ್ಲಿಷ್ ಪತ್ರಿಕೆಗಳವರು ಈ ಆಮೆನಡೆಯನ್ನು ಬೇಕಾದಷ್ಟು ಗೇಲಿ ಮಾಡಿದರು. ಆದರೆ ಕೈಮುಗಿದು ಕೂತವರಿಗೆ ಅದು ದರ್ಶನ. ದೇವರ ಮುಂದೆ ನಿಂತವರು ಗಡಿಯಾರ ನೋಡುತ್ತಾರೆಯೆ?

ಆ ದಿನಗಳಲ್ಲಿ ನಾನು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಭಾನುವಾರ ಒಂಬತ್ತೂವರೆಗೆ ಸೇಠರು ಮನೆಯಿಂದ ತಂದ ಟೀವಿಯನ್ನು ಗಲ್ಲಾದ ಪಕ್ಕದಲ್ಲಿ ಇಡುತ್ತಿದ್ದರು. ಗಿರಾಕಿಗಳೇ ಇಲ್ಲದ ಹೊತ್ತು ಅದು. ಸಪ್ಲೈಯರುಗಳು, ಕ್ಲೀನರ್ ಹುಡುಗರು, ದೋಸೆ ಕಲ್ಲಿನವರು ಎಲ್ಲ ಬಂದು ನಿಲ್ಲುತ್ತಿದ್ದರು. ಕುಂದಾಪುರ ಕಡೆಯ ಅಡುಗೆ ಭಟ್ಟರೊಬ್ಬರು, ಊರಿನಲ್ಲಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವರು, ಅಡುಗೆಕೋಣೆಯ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಹನುಮಂತ ಸಮುದ್ರದ ದಡದಲ್ಲಿ ನಿಂತು ಯೋಚಿಸುತ್ತಿದ್ದ ಒಂದು ಭಾನುವಾರ ಅವರಿಗೆ ತಾಳ್ಮೆ ತಪ್ಪಿತು. "ಇಷ್ಟು ಹೊತ್ತಿಗೆ ನಮ್ಮಲ್ಲಿ ಲಂಕೆ ಸುಟ್ಟು ಹನುಮಂತ ಚೌಕಿಗೆ ಹೋಗಿ ಚಾ ಕುಡ್ದು ಆತಿತ್ತು ಮಾರಾಯ್ರೆ!"

ಪಟ್ಟಾಭಿಷೇಕ ಮುಗಿದ ದಿನ ಎಲ್ಲರೂ ಕೈಮುಗಿದರು. ಭಟ್ಟರು ಮಾತ್ರ ಸುಮ್ಮನೆ ಒಳಗೆ ಹೋಗಲಿಲ್ಲ. "ಸೀತೆ ಕಾಡಿಗೆ ಹೋಯ್ಲಿಲ್ಲ, ಮಕ್ಕಳು ಹುಟ್ಟಲಿಲ್ಲ, ಕುದುರೆ ಕಟ್ಟಲಿಲ್ಲ. ಕಥೆ ಹ್ಯಾಂಗೆ ಮುಗೀತು?" ಎಂದು ಕೇಳಿದರು. ಅವರಿಗೆ ರಾಮಾಯಣವೆಂದರೆ ತಾಳಮದ್ದಲೆಯ ಸೀತಾ ಪರಿತ್ಯಾಗ, ಕುಶ-ಲವರ ಕಾಳಗ. ಪಟ್ಟಾಭಿಷೇಕ ನಡುವಿನ ಒಂದು ಶುಭಕಾರ್ಯ, ಅಷ್ಟೆ.

ಸಾಗರರ ಯೋಜನೆ ಪಟ್ಟಾಭಿಷೇಕಕ್ಕೇ ಮುಗಿಯುವಂಥದ್ದು. ಅದಕ್ಕೆ ಅವರಿಗೆ ಆಧಾರವೂ ಇತ್ತು. ತುಳಸೀದಾಸರ ರಾಮಚರಿತಮಾನಸದಲ್ಲಿ ಉತ್ತರಕಾಂಡ ಇದ್ದರೂ ಸೀತಾ ಪರಿತ್ಯಾಗದ ಕತೆಯಿಲ್ಲ. ನಮ್ಮ ತೊರವೆ ರಾಮಾಯಣವೂ ಯುದ್ಧಕಾಂಡಕ್ಕೆ ನಿಲ್ಲುತ್ತದೆ. ಕುವೆಂಪು ಕೂಡ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅಭಿಷೇಕದ ದರ್ಶನದಲ್ಲೇ ಮುಗಿಸಿದರು. ಮಂಗಳ ಹಾಡಿ ಏಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ಪಂಜಾಬಿನ ಜಲಂಧರದಲ್ಲಿ 1988ರಲ್ಲಿ ಬೀದಿ ಗುಡಿಸುವ ಕಾರ್ಮಿಕರು ಪೊರಕೆ ಕೆಳಗಿಟ್ಟರು. ಧಾರಾವಾಹಿ ಉತ್ತರಕಾಂಡವನ್ನು ತೋರಿಸದೆ ಮುಗಿಯುತ್ತದೆ, ಅದು ಆಗಕೂಡದು ಎಂಬುದು ಅವರ ಬೇಡಿಕೆ. ಮುಷ್ಕರ ಉತ್ತರ ಭಾರತದ ಬೇರೆ ಊರುಗಳಿಗೂ ಹಬ್ಬಿತು, ಬೀದಿಗಳಲ್ಲಿ ಕಸ ಬಿತ್ತು, ರೋಗದ ಭಯ ಹುಟ್ಟಿತು. ಕೊನೆಗೆ ಸರಕಾರ ಮಣಿದು ಮುಂದಿನ ಕಂತುಗಳಿಗೆ ಒಪ್ಪಿಗೆ ಕೊಟ್ಟಿತು. ಬಿಬಿಸಿಯ ಮಾರ್ಕ್ ಟಲಿ 1991ರ ತಮ್ಮ 'ನೋ ಫುಲ್ ಸ್ಟಾಪ್ಸ್ ಇನ್ ಇಂಡಿಯಾ' ಪುಸ್ತಕದಲ್ಲಿ ಈ ಧಾರಾವಾಹಿಗೆಂದೇ ಒಂದು ಅಧ್ಯಾಯ ಇಟ್ಟರು. ಪುಸ್ತಕದ ಹೆಸರೇ ಈ ಕತೆಗೆ ಸರಿಹೊಂದುತ್ತದೆ.

ಏಕೆ ಉತ್ತರಕಾಂಡವೇ ಬೇಕಿತ್ತು? ಆ ಕಾರ್ಮಿಕರಲ್ಲಿ ಬಹಳ ಮಂದಿ ವಾಲ್ಮೀಕಿ ಸಮುದಾಯದವರು, ಆದಿಕವಿಯನ್ನು ತಮ್ಮ ಮೂಲಪುರುಷನೆಂದು ಪೂಜಿಸುವವರು. ಮೊದಲ ಆರು ಕಾಂಡಗಳಲ್ಲಿ ವಾಲ್ಮೀಕಿ ಬಹುಮಟ್ಟಿಗೆ ಕತೆ ಹೇಳುವವನು. ಏಳನೆಯ ಕಾಂಡದಲ್ಲಿ ಅವನು ಕತೆಯ ಒಳಕ್ಕೆ ಬರುತ್ತಾನೆ. ರಾಜ ಕೈಬಿಟ್ಟ ರಾಣಿಗೆ ಆಶ್ರಯ ಕೊಡುತ್ತಾನೆ, ಅವಳ ಬಾಣಂತನ ಮಾಡಿಸುತ್ತಾನೆ, ರಾಜನ ಮಕ್ಕಳಿಗೆ ವಿದ್ಯೆ ಕಲಿಸುತ್ತಾನೆ, ಕೊನೆಗೆ ರಾಮನ ಸಭೆಯಲ್ಲಿ ಎದ್ದು ನಿಂತು ಸೀತೆ ಪರಿಶುದ್ಧಳೆಂದು ಸಾಕ್ಷಿ ನುಡಿಯುತ್ತಾನೆ. ಇಡೀ ದೇಶ ಕಸಬರಿಕೆ ಕೈಗೆ ಕೊಟ್ಟು ದೂರ ನಿಲ್ಲಿಸಿದ ಜನಕ್ಕೆ ಭಾನುವಾರ ಬೆಳಿಗ್ಗೆ ಅದೇ ದೇಶದ ಮುಂದೆ ತಮ್ಮ ಅಜ್ಜ ರಾಜಸಭೆಯಲ್ಲಿ ತಲೆಯೆತ್ತಿ ಮಾತಾಡುವುದನ್ನು ನೋಡಬೇಕಿತ್ತು. ಇದಕ್ಕಿಂತ ಗಟ್ಟಿಯಾದ ಕಾರಣ ಇಟ್ಟುಕೊಂಡು ಯಾವ ಪ್ರೇಕ್ಷಕನೂ ಮುಂದಿನ ಭಾಗ ಕೇಳಿದ್ದನ್ನು ನಾನು ಕಂಡಿಲ್ಲ. ಜಪಾನಿನಲ್ಲಿ ಆಟಿಕೆ ಅಂಗಡಿ ಮಾಡಿದ್ದನ್ನು ಇಲ್ಲಿ ಪೊರಕೆ ಮಾಡಿತು.

ಕನ್ನಡದವರಿಗೆ ಮುಂದಿನ ಭಾಗ ಹೊಸದಲ್ಲ. ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವ ಹಾಡಿ ನಿಲ್ಲಿಸಿದ. ಉಳಿದದ್ದನ್ನು ಮುಗಿಸು ಎಂದು ಕೃಷ್ಣದೇವರಾಯ ತಿಮ್ಮಣ್ಣ ಕವಿಗೆ ಹೇಳಿಸಿ ಬರೆಸಿದ. ಅದು ಅರಸನ ಆಜ್ಞೆಯಿಂದ ಬಂದ ಮುಂದಿನ ಭಾಗ. ಎಷ್ಟು ಊರುಗಳಲ್ಲಿ ತಿಮ್ಮಣ್ಣನ ಗಮಕ ವಾಚನ ಕೇಳಿದ್ದೀರಿ, ಕೈ ಎತ್ತಿ ನೋಡೋಣ. ಅರಸ ಕೇಳಿದ ಮಾತ್ರಕ್ಕೆ ಜನ ಕೇಳುತ್ತಾರೆ ಅಂತೇನೂ ಇಲ್ಲ.

ಕೇಳುಗರೇ ಉದ್ದ ನಿರ್ಧರಿಸಿದ ಉದಾಹರಣೆ ಬೇಕಾದರೆ ಮುದ್ದಣನ ಹತ್ತಿರ ಹೋಗಬೇಕು. 'ಶ್ರೀರಾಮಾಶ್ವಮೇಧಂ'ನಲ್ಲಿ ಮನೋರಮೆ ಎಂಬ ಹೆಂಡತಿ ಇದ್ದಾಳಲ್ಲ, ಕನ್ನಡ ಕಂಡ ಅತ್ಯಂತ ಚುರುಕಾದ ಪ್ರೇಕ್ಷಕಿ ಅವಳು. ಯಾವ ಕತೆ ಬೇಕೆಂದು ಅವಳೇ ಆರಿಸುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ. ಗಂಡ ವರ್ಣನೆಗೆ ಇಳಿದ ಕೂಡಲೆ ಸಾಕು ಮುಂದೆ ಹೋಗು ಎಂದು ಬಾಯಿ ಮುಚ್ಚಿಸುತ್ತಾಳೆ. ಸಾಗರರಿಗೆ ಒಬ್ಬ ಮನೋರಮೆ ಸಿಕ್ಕಿದ್ದರೆ 78 ಕಂತು 39ಕ್ಕೆ ಮುಗಿಯುತ್ತಿತ್ತು. ಆದರೆ ಆಗ ಉತ್ತರ ರಾಮಾಯಣಕ್ಕಾಗಿ ಹಟ ಹಿಡಿಯುವಷ್ಟು ಜನರನ್ನು ಅದು ಕಟ್ಟಿಹಾಕುತ್ತಿತ್ತೇ ಎಂಬುದು ಬೇರೆ ಮಾತು.

ಉದ್ದದ ವಿಷಯ ಮುಗಿಯಿತು. ಇನ್ನು ತಿರುವಿನ ವಿಷಯ. ನನ್ನ ಮುಖ್ಯ ಮಾತು ಇಲ್ಲಿದೆ.

ವಾಲ್ಮೀಕಿಯ ಉತ್ತರಕಾಂಡದಲ್ಲಿ ರಾಮ ಸೀತೆಗೆ ತನ್ನ ತೀರ್ಮಾನ ಹೇಳುವುದೇ ಇಲ್ಲ. ಆಶ್ರಮಗಳನ್ನು ನೋಡುವ ಬಯಕೆಯೆಂಬ ನೆಪದಲ್ಲಿ ಲಕ್ಷ್ಮಣನ ಜೊತೆ ಕಳಿಸುತ್ತಾನೆ. ಗಂಗೆಯ ಆಚೆ ದಡದಲ್ಲಿ ಲಕ್ಷ್ಮಣ ಅಳುತ್ತ ನಿಜ ಹೇಳಿದಾಗಲೇ ಅವಳಿಗೆ ತಿಳಿಯುವುದು. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದಲ್ಲಂತೂ ಕಾಡಿನ ನವಿಲು ಜಿಂಕೆಗಳು ಕೂಡ ಅವಳ ಜೊತೆ ಮರುಗುತ್ತವೆ. ಆ ಪದ್ಯಗಳನ್ನು ಬಾಯಿಪಾಠ ಮಾಡಿದ ತಲೆಮಾರು ಈ ಸಭೆಯ ಮುಂದಿನ ಸಾಲಿನಲ್ಲಿ ಕೂತಿದೆ.

ಸಾಗರರ ಉತ್ತರ ರಾಮಾಯಣದಲ್ಲಿ ಈ ತಿರುವು ಬೇರೆಯಾಯಿತು. ಊರಿನ ಮಾತು ಕಿವಿಗೆ ಬಿದ್ದ ಮೇಲೆ ಸೀತೆಯೇ ಅರಮನೆ ಬಿಡುವ ನಿರ್ಧಾರಕ್ಕೆ ಬರುತ್ತಾಳೆ. ರಾಮ ತಡೆಯುತ್ತಾನೆ, ನರಳುತ್ತಾನೆ. ಅವಳು ರಾಜಧರ್ಮ ನೆನಪಿಸಿ ಹೊರಡುತ್ತಾಳೆ. ಯುದ್ಧ ಮುಗಿದಾಗ ಅಗ್ನಿಪರೀಕ್ಷೆಗೂ ಇಂಥದೇ ಪರಿಹಾರ ಸಿಕ್ಕಿತ್ತು: ಅಪಹರಣವಾದದ್ದು ನೆರಳು ಸೀತೆ, ನಿಜ ಸೀತೆ ಅಗ್ನಿಯ ವಶದಲ್ಲಿದ್ದಳು, ಬೆಂಕಿ ಹೊತ್ತಿಸಿದ್ದು ಅವಳನ್ನು ಮರಳಿ ಪಡೆಯಲು. ಇದು ತುಳಸಿಯ ದಾರಿ. ಎರಡು ಕಡೆಯೂ ತಪ್ಪು ರಾಮನ ಮೈಗೆ ಅಂಟದಂತೆ ನೋಡಿಕೊಂಡರು. ಕೆಲವರು ಇದನ್ನು ಸೀತೆಗೆ ಕೊಟ್ಟ ಬಲ ಎಂದು ಹೊಗಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅನ್ಯಾಯ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಕೈಬಿಟ್ಟವಳೇ ಉತ್ತರಿಸಿ ಮುಗಿಸಬೇಕಾಯಿತು, ಅಷ್ಟೆ.

ಆದರೂ ಒಂದು ಕಡೆ ಸಾಗರರು ನಮ್ಮವರಿಗಿಂತ ಕಠಿಣವಾಗಿದ್ದಾರೆ, ಹೇಳದಿದ್ದರೆ ತಪ್ಪಾದೀತು. ಲಕ್ಷ್ಮೀಶನಲ್ಲೂ ಮುದ್ದಣನಲ್ಲೂ ಕೊನೆಗೆ ಸೀತೆ ರಾಮರು ಒಂದಾಗುತ್ತಾರೆ. ಕಾಳಗ ಮುಗಿದು, ಗುರುತು ಸಿಕ್ಕು, ಸಂಸಾರ ಕೂಡಿಕೊಂಡು ಮಂಗಳವಾಗುತ್ತದೆ. ಸಾಗರರು ವಾಲ್ಮೀಕಿಯ ಜೊತೆ ನಿಂತು ಸೀತೆಯನ್ನು ಭೂಮಿಗೆ ಕಳಿಸಿದರು. ಮರಾಠಿ ಹುಡುಗ ಸ್ವಪ್ನಿಲ್ ಜೋಶಿ ಕುಶ, ಮಯೂರೇಶ್ ಕ್ಷೇತ್ರಮಾಡೆ ಲವ. ತುಂಬಿದ ಸಭೆಯಲ್ಲಿ ಇಬ್ಬರೂ ಹಾಡುತ್ತ ಅಪ್ಪನ ಕತೆಯನ್ನು ಅಪ್ಪನಿಗೇ ಹೇಳುತ್ತಾರೆ. ಒಂದೂವರೆ ವರ್ಷ ದೇಶ ನೋಡಿದ್ದೆಲ್ಲ ಒಂದು ಹಾಡಿನಲ್ಲಿ ಮರಳುತ್ತದೆ, ಸಿಂಹಾಸನದ ಮೇಲೆ ಕೂತ ನಾಯಕ ತನ್ನದೇ ಧಾರಾವಾಹಿಯ ಪ್ರೇಕ್ಷಕನಾಗುತ್ತಾನೆ. ಇಡೀ ಮುಂದಿನ ಭಾಗದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದು. ಹಾಗೆ ಕಟ್ಟಿದ್ದು ಸಾಗರರಲ್ಲ, ಆದಿಕವಿ.

ಧಾರಾವಾಹಿಯ ಮೂಲಗಳ ಪಟ್ಟಿಯಲ್ಲಿ ಕನ್ನಡದ ಒಂದು ಹೆಸರಿತ್ತು, ಗಮನಿಸಿದ್ದೀರಾ? ಕಂಬ ರಾಮಾಯಣ, ಏಕನಾಥರ ಭಾವಾರ್ಥ ರಾಮಾಯಣ, ಕೃತ್ತಿವಾಸ, ರಂಗನಾಥ ರಾಮಾಯಣಗಳ ಸಾಲಿನಲ್ಲಿ 'ರಾಮಚಂದ್ರ ಚರಿತ ಪುರಾಣ'. ನಾಗಚಂದ್ರ, ಅಂದರೆ ನಮ್ಮ ಅಭಿನವ ಪಂಪ. ಹೆಮ್ಮೆಪಡುವ ಮೊದಲು ಆ ಕಾವ್ಯ ಏನು ಹೇಳುತ್ತದೆ ನೆನಪಿಸಿಕೊಳ್ಳಿ. ಅದು ಜೈನ ರಾಮಾಯಣ. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ರಾವಣ ಕೊನೆಗೆ ಪಶ್ಚಾತ್ತಾಪದಲ್ಲಿ ಬೇಯುವ, ಓದುಗನ ಮರುಕ ಪಡೆಯುವ ಪಾತ್ರ. ಇದರಲ್ಲಿ ಯಾವುದೂ ಉಂಬರ್‌ಗಾಂವ್‌ನ ಲಂಕೆಗೆ ಬರಲಿಲ್ಲ. ಕನ್ನಡದ ಹೆಸರು ಬಂತು, ಕನ್ನಡದ ತಿರುವು ಬರಲಿಲ್ಲ.

ಇದನ್ನು ಏಕೆ ಹೇಳುತ್ತೇನೆಂದರೆ, ಜಲಂಧರದವರಿಗೂ ಆದದ್ದು ಇದೇ. ಅವರು ಕೇಳಿದ ಉದ್ದ ಸಿಕ್ಕಿತು. ವಾಲ್ಮೀಕಿ ಗೌರವದಿಂದ ತೆರೆಯ ಮೇಲೆ ಬಂದ. ಆದರೆ ಉತ್ತರಕಾಂಡದಲ್ಲಿ ಇನ್ನೊಂದು ಪ್ರಸಂಗ ಇದೆ. ಬ್ರಾಹ್ಮಣನೊಬ್ಬನ ಮಗ ಅಕಾಲದಲ್ಲಿ ಸಾಯುತ್ತಾನೆ. ರಾಜ್ಯದಲ್ಲಿ ಎಲ್ಲೋ ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಕಾರಣ ಎಂಬ ತೀರ್ಮಾನವಾಗುತ್ತದೆ. ರಾಮ ಹುಡುಕಿಕೊಂಡು ಹೋಗಿ ಶಂಬೂಕನ ತಲೆ ಕಡಿಯುತ್ತಾನೆ. ಉತ್ತರಕಾಂಡವನ್ನು ತೆರೆಗೆ ತರಿಸಿದವರ ಬದುಕಿಗೆ ಅದಕ್ಕಿಂತ ಹತ್ತಿರದ ಪ್ರಸಂಗ ಆ ಕಾಂಡದಲ್ಲಿಲ್ಲ. ಸಾಗರರು ಅದನ್ನು ಬಿಟ್ಟರು. ಲವಣಾಸುರನನ್ನು ಕೊಲ್ಲಲು ಶತ್ರುಘ್ನನಿಗೆ ಹೊತ್ತು ಸಿಕ್ಕಿತು, ಕುದುರೆಯ ಹಿಂದೆ ಓಡುವ ಸೈನ್ಯಕ್ಕೆ ಹೊತ್ತು ಸಿಕ್ಕಿತು, ಶಂಬೂಕನಿಗೆ ಸಿಗಲಿಲ್ಲ.

ಬಿಡಲು ಕಾರಣ ಊಹಿಸುವುದು ಕಷ್ಟವಲ್ಲ. ಮೂಲದಲ್ಲಿದ್ದಂತೆ ತೋರಿಸಿದ್ದರೆ ಯಾರ ಬೇಡಿಕೆಗೆ ಧಾರಾವಾಹಿ ಮುಂದುವರಿಯಿತೋ ಅವರ ಮುಖಕ್ಕೇ ಹೊಡೆದಂತೆ ಆಗುತ್ತಿತ್ತು. ತಿದ್ದಿ ತೋರಿಸಿದ್ದರೆ ಶಾಸ್ತ್ರ ಹಿಡಿದವರು ಕೋರ್ಟು ಹತ್ತುತ್ತಿದ್ದರು. ಮೌನ ಎರಡು ಕಡೆಯಿಂದಲೂ ಸುರಕ್ಷಿತ. ಧಾರಾವಾಹಿ ಮಾಡುವವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅರ್ಥವಾಗುವುದಕ್ಕೂ ಒಪ್ಪುವುದಕ್ಕೂ ವ್ಯತ್ಯಾಸ ಇದೆ.

ತಿದ್ದಿ ತೋರಿಸುವ ಧೈರ್ಯ ಮಾಡಿದವರು ನಮ್ಮಲ್ಲಿ ಮೊದಲೇ ಇದ್ದರು. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ನಾಟಕ ಪ್ರಕಟಿಸಿದರು. ಅಲ್ಲಿ ಬ್ರಾಹ್ಮಣನ ಒತ್ತಾಯಕ್ಕೆ ರಾಮ ಬ್ರಹ್ಮಾಸ್ತ್ರ ಬಿಡುತ್ತಾನೆ. ಅಸ್ತ್ರ ತಪಸ್ವಿ ಶಂಬೂಕನನ್ನು ಮುಟ್ಟುವುದಿಲ್ಲ, ತಿರುಗಿ ಆ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನ ಕಣ್ಣು ತೆರೆಯುತ್ತದೆ. ರಾಮನೂ ಉಳಿದ, ಶಂಬೂಕನೂ ಉಳಿದ. ಮಾಸ್ತಿ ಇದನ್ನು ಒಪ್ಪಲಿಲ್ಲ. ಹಳೆಯ ಕತೆಯನ್ನು ಹೀಗೆ ತಿರುಗಿಸಬಹುದೇ ಎಂದು ಆಕ್ಷೇಪ ಎತ್ತಿದರು. ಕುವೆಂಪು ಉತ್ತರ ಕೊಟ್ಟರು. ಕನ್ನಡ ಸಾಹಿತ್ಯದ ದೊಡ್ಡ ಜಗಳಗಳಲ್ಲಿ ಅದೊಂದು. ಒಂದು ಪ್ರಸಂಗದ ತಿರುವಿನ ಮೇಲೆ ಇಬ್ಬರು ಹಿರಿಯರು ಬಹಿರಂಗವಾಗಿ ಜಗಳವಾಡಬಹುದಿತ್ತು ಎನ್ನುವುದೇ ನನಗೆ ಆ ಕಾಲದ ಬಗ್ಗೆ ಅಸೂಯೆ ಹುಟ್ಟಿಸುತ್ತದೆ. ದೂರದರ್ಶನದಲ್ಲಿ ಶಂಬೂಕನ ಮೇಲೆ ಜಗಳವೇ ಆಗಲಿಲ್ಲ, ಅವನು ಬಂದರೆ ತಾನೆ.

ಮುಂಬಯಿಯ ಇನ್ನೊಂದು ರಾಮಾಯಣದ ಹೆಸರೂ ಇಲ್ಲಿ ಹೇಳಬೇಕು, ಅದು ನಿಜವಾಗಿಯೂ ಅನಿಮೆ. ಜಪಾನಿನ ಯೂಗೊ ಸಾಕೊ ಮತ್ತು ಕೊಯಿಚಿ ಸಸಾಕಿ, ನಮ್ಮ ಮುಂಬಯಿಯ ರಾಮ್ ಮೋಹನ್ ಸೇರಿ ನಿರ್ದೇಶಿಸಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. 1992ರದ್ದು. 1956ರಲ್ಲಿ ಫಿಲ್ಮ್ಸ್ ಡಿವಿಜನ್ ಸೇರಿದ ರಾಮ್ ಮೋಹನ್ ಭಾರತದ ಅನಿಮೇಷನ್ನಿಗೆ ಹಿರಿಯಣ್ಣನಂತಿದ್ದವರು. ಸಾಗರರಿಗೆ 78 ಭಾನುವಾರ ಬೇಕಾದ ಕತೆ ಇಲ್ಲಿ ಎರಡೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ಅಯೋಧ್ಯೆಗೆ ಮರಳುವಲ್ಲಿಗೆ ನಿಲ್ಲುತ್ತದೆ. ಹಿಂದಿ ರೂಪದಲ್ಲಿ ರಾಮನಿಗೆ ದನಿ ಕೊಟ್ಟವರು ಅದೇ ಅರುಣ್ ಗೋವಿಲ್. 2025ರ ಜನವರಿಯಲ್ಲಿ ಅದು ಇಲ್ಲಿನ ಚಿತ್ರಮಂದಿರಗಳಿಗೆ ಬಂದಾಗ ನನ್ನ ಮೊಮ್ಮಗಳು ನೋಡಿ ಬಂದು "ಅಜ್ಜ, ಇದಕ್ಕೆ ಎರಡನೇ ಭಾಗ ಇದೆಯಾ?" ಎಂದು ಕೇಳಿದಳು. ಇದೆ ಅಂದೆ. ಹೇಳಲು ಕೂತರೆ ಎಲ್ಲಿಂದ ಶುರುಮಾಡಬೇಕೆಂದು ಯೋಚನೆಯಾಯಿತು.

2020ರ ಲಾಕ್‌ಡೌನಿನಲ್ಲಿ ದೂರದರ್ಶನ ಮಾರ್ಚ್ 28ರಿಂದ 'ರಾಮಾಯಣ'ವನ್ನು ಬೆಳಿಗ್ಗೆ ರಾತ್ರಿ ಮತ್ತೆ ಹಾಕಿತು. ಏಪ್ರಿಲ್ 16ರ ಕಂತನ್ನು ದೇಶದಲ್ಲಿ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಸಾರಿತು. ಒಂದೂವರೆ ವರ್ಷದ ಕತೆ ಮೂರೇ ವಾರದಲ್ಲಿ ಮುಗಿಯಿತು, ಬೆನ್ನಿಗೇ ಉತ್ತರ ರಾಮಾಯಣ ಶುರುವಾಯಿತು. ಈ ಸಲ ಯಾರೂ ಕೇಳಬೇಕಾಗಲಿಲ್ಲ. ಮನೆಯೊಳಗೆ ಕೂತವರು ನೋಡಿದರು. ಬೀದಿ ಗುಡಿಸುವವರಿಗೆ ಆ ದಿನಗಳಲ್ಲಿ ರಜೆ ಇರಲಿಲ್ಲ.

ಉದ್ದ ಕಡಿಮೆ ಮಾಡುವುದು ನಮ್ಮ ಯಕ್ಷಗಾನದವರಿಗೆ ಈಗ ಅಭ್ಯಾಸವಾಗಿದೆ. ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ. ಇಲ್ಲಿ ಇಡೀ ರಾತ್ರಿಯ ಆಟ ಸಾಧ್ಯವಿಲ್ಲ. ರಾತ್ರಿ ಹತ್ತಕ್ಕೆ ಮೈಕು ಬಂದ್ ಆಗಬೇಕು, ಡೊಂಬಿವಲಿ ಕಡೆಯವರಿಗೆ ಲೋಕಲ್ ಹಿಡಿಯಬೇಕು. ಹಾಗಾಗಿ ಕಾಲಮಿತಿ. ಯಾವ ಪದ್ಯ ಹಾಡಬೇಕು, ಯಾವುದು ಬಿಡಬೇಕೆಂದು ಭಾಗವತರು ಪ್ರಸಂಗದ ಪುಸ್ತಕದಲ್ಲಿ ಗುರುತು ಹಾಕಿಕೊಂಡೇ ಬರುತ್ತಾರೆ. ಒಳ್ಳೆಯ ಭಾಗವತರು ಪದ್ಯ ಬಿಟ್ಟದ್ದು ಸಭೆಗೆ ತಿಳಿಯುವುದಿಲ್ಲ. ಆದರೆ ಅರ್ಥಧಾರಿಗಳಿಗೆ ಒಂದು ಸ್ವಾತಂತ್ರ್ಯ ಇದೆ, ಅದು ಸಾಗರರಿಗೂ ಗುಂಡಮ್ ಮಾಡಿದವರಿಗೂ ಇರಲಿಲ್ಲ. ಪದ್ಯ ಹಳೆಯದೇ ಇರಲಿ, ಅರ್ಥ ಆ ಹೊತ್ತಿನದು. ಎದುರು ಕೂತವನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಪ್ರಸಂಗ ಮುಂದಕ್ಕೆ ಹೋಗುವುದಿಲ್ಲ.

ಹಾಗಾಗಿ ಕೇಳುಗನಾಗಿ ನನ್ನದೂ ಒಂದು ಬೇಡಿಕೆ. ಬರುವ ಮಳೆಗಾಲದಲ್ಲಿ ಇದೇ ವೇದಿಕೆಯ ಮೇಲೆ ಶಂಬೂಕನದ್ದೊಂದು ತಾಳಮದ್ದಲೆ ಆಗಬೇಕು. ಕುವೆಂಪು ದಾರಿಯೋ ವಾಲ್ಮೀಕಿ ದಾರಿಯೋ, ಅದನ್ನು ಅರ್ಥ ಹೇಳುವವರೇ ನೋಡಿಕೊಳ್ಳಲಿ. ರಾಮನ ಅರ್ಥಕ್ಕೆ ಕೂರುವವರಿಗೆ ಬೆವರು ಬಂದರೆ ಸಾಕು. ಪದ್ಯ ಕಟ್ಟಬಲ್ಲವರು ಈ ಊರಿನಲ್ಲಿದ್ದಾರೆ, ಮದ್ದಳೆಗೆ ಜನ ಇದ್ದಾರೆ, ಅರ್ಥ ಹೇಳುವವರಲ್ಲಿ ಇಬ್ಬರು ಈಗ ನನ್ನೆದುರೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಕಾರ್ಯದರ್ಶಿಗಳು ಎಷ್ಟು ಹೊತ್ತು ಕೊಡುತ್ತಾರೆಂಬುದನ್ನು ಊಟಕ್ಕೆ ಕೂತಾಗ ಇತ್ಯರ್ಥ ಮಾಡಿಕೊಳ್ಳೋಣ.